ಪುಟ ನಲವತ್ತೊಂದರ ಚುಕ್ಕಿಗಳು

ನಾಯಿ ಕಡಿತ ಪರಿಹಾರ ಸಮಿತಿಯ ಪರಿಶೀಲಕರು ಅರ್ಜಿದಾರರನ್ನು ಮೊದಲು ಕೇಳುತ್ತಿದ್ದದ್ದು ಗಾಯದ ವಿಚಾರವನ್ನಲ್ಲ. ಒಂದು ಬಿಳಿ ಹಾಳೆ ಮುಂದಿಟ್ಟು, "ಜಾಗದ ಚಿತ್ರ ಬರೀರಿ" ಎನ್ನುತ್ತಿದ್ದರು. ಗೇಟು ಎಲ್ಲಿ, ನಾಯಿ ಎಲ್ಲಿತ್ತು, ನೀವೆಲ್ಲಿದ್ದಿರಿ. ಹಿಂದಿನ ವರ್ಷ ಬಂದ ಅರವತ್ತೆರಡು ಅರ್ಜಿಗಳಲ್ಲಿ ಒಂಬತ್ತು ಸುಳ್ಳೆಂದು ಅವರು ಪತ್ತೆ ಹಚ್ಚಿದ್ದರು. ಸೈಕಲ್ ಚೈನಿಗೆ ಸಿಕ್ಕ ಕಾಲನ್ನು ತಂದು ತೋರಿಸಿದವನಿದ್ದ. ಒಂದೇ ಗಾಯಕ್ಕೆ ಎರಡು ವಾರ್ಡುಗಳಲ್ಲಿ ಅರ್ಜಿ ಹಾಕಿದವಳಿದ್ದಳು. ಆ ಒಂಬತ್ತೂ ಅವರಿಗೆ ಬಾಯಿಪಾಠವಾಗಿದ್ದವು. ಉಳಿದ ಐವತ್ತಮೂರರಲ್ಲಿ ಒಂದೂ ನೆನಪಿರಲಿಲ್ಲ. ಕಚೇರಿಯಲ್ಲಿ ಅವರನ್ನು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಸರವೇನಿರಲಿಲ್ಲ.

ಆ ದಿನ ಹಾಳೆಯ ಮುಂದೆ ಕುಳಿತಿದ್ದವಳು ನೀರಿನ ಇಲಾಖೆಯ ಮೀಟರ್ ಓದುವ ಹೆಂಗಸು. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಜೊತೆಗೆ ಬಂದಿದ್ದ ನಾದಿನಿ ಕುರ್ಚಿ ಸಿಗದೆ ಗೋಡೆಗೊರಗಿ ನಿಂತಿದ್ದಳು.

"ಅತ್ತಿಗೆಗೆ ಬಲಗೈಲಿ ಬರೆಯೋಕಾಗಲ್ಲ ಸಾರ್. ನಾನು ಬರೀಲಾ?"

"ನಿಮ್ಮನ್ನೂ ಕಚ್ಚಿತಾ?"

"ಇಲ್ಲ."

"ಹಾಗಾದ್ರೆ ಅವರೇ ಬರೀಲಿ. ಎಡಗೈಲಿ ಬರೀಲಿ. ಚೆಂದ ಇರಬೇಕಂತಿಲ್ಲ."

ಅವಳು ಎಡಗೈಯಲ್ಲಿ ಗೀಚಿದಳು. ಗೇಟು. ಗೇಟಿನಿಂದ ಮನೆಗೆ ಹೋಗುವ ದಾರಿ. ಮುಂಬಾಗಿಲ ಮೆಟ್ಟಿಲು, ಅದರ ಎಡಕ್ಕೆ ಒಂದು ಚೌಕ.

"ಇದೇನು?"

"ಮೀಟರ್."

"ನಾಯಿ ಎಲ್ಲಿಂದ ಬಂತು?"

"ಮನೆ ಹಿಂದಿನಿಂದ. ಓಡಿ ಬಂತು, ಬೊಗಳಲೂ ಇಲ್ಲ." ಅವಳು ದಾರಿಯ ನಡುವೆ ಗುಣಿಸು ಗುರುತು ಹಾಕಿದಳು. "ಇಲ್ಲಿ ಹಿಡೀತು."

ವೈದ್ಯರ ಚೀಟಿ ಸ್ಪಷ್ಟವಾಗಿತ್ತು. ತಿಂಗಳ ನಾಲ್ಕನೇ ತಾರೀಕು, ಬೆಳಿಗ್ಗೆ ಹನ್ನೊಂದು ನಲವತ್ತು. ಬಲ ಮುಂಗೈಯಲ್ಲಿ ನಾಲ್ಕು ಹಲ್ಲಿನ ಗುರುತು, ಎರಡು ಆಳವಾದವು. ನರಕ್ಕೆ ಪೆಟ್ಟು, ಉಂಗುರಬೆರಳು, ಕಿರುಬೆರಳು ಮಡಚುವುದಿಲ್ಲ. ಕೆಳಗೆ ಇನ್ನೊಂದು ಸಾಲು: "ನಾಯಿಯನ್ನು ಹತ್ತು ದಿನ ಗಮನಿಸಲು ಸೂಚಿಸಿದೆ. ನಾಯಿ ಲಭ್ಯವಿಲ್ಲ."

"ಯಾಕೆ ಲಭ್ಯ ಇಲ್ಲ?"

"ನಮ್ಮನೇಲಿ ನಾಯೀನೇ ಇಲ್ಲ ಅಂತಾರೆ ಸಾರ್ ಆ ಮನೆಯವರು" ಎಂದಳು ನಾದಿನಿ. "ಹತ್ತು ದಿನ ನಾಯಿ ಬದುಕಿದ್ರೆ ಭಯ ಇಲ್ಲ ಅಂದ್ರು ಡಾಕ್ಟರು. ಅದು ಹುಚ್ಚು ನಾಯೋ, ಸತ್ತಿದೆಯೋ ಬದುಕಿದೆಯೋ ಏನೂ ಗೊತ್ತಿಲ್ಲ. ಅತ್ತಿಗೆ ಲೋಟದಲ್ಲಿ ನೀರು ನೋಡಿದ್ರೂ ಗಂಟಲು ಮುಟ್ಟಿ ನೋಡ್ಕೋತಾರೆ."

"ಸುಮ್ಮನಿರೇ" ಎಂದಳು ಅತ್ತಿಗೆ.

ಸಮಿತಿಯ ನಿಯಮ ಚಿಕ್ಕದು. ನಾಯಿ ಯಾರದ್ದೂ ಅಲ್ಲದಿದ್ದರೆ ಪರಿಹಾರ ನಗರಸಭೆಯದು. ಸಾಕಿದ್ದಾದರೆ ಸಾಕಿದವರದು. ಎಲ್ಲಿ ಕಚ್ಚಿತು ಎಂಬುದೇ ಸಾಬೀತಾಗದಿದ್ದರೆ ಅರ್ಜಿ ವಜಾ. ಪರಿಶೀಲಕರು ಚಿತ್ರದ ಮೇಲೆ ತಾರೀಕು ಬರೆದು, ಅವಳ ಎಡಗೈ ಸಹಿ ಹಾಕಿಸಿಕೊಂಡು, ಮರುದಿನ ಸ್ಥಳಕ್ಕೆ ಹೋದರು.

ಮನೆ ಮುದ್ರಣಾಲಯದ ಹಿಂದಿನ ಬೀದಿಯಲ್ಲಿತ್ತು. ಮಾಲೀಕರಿಗೆ ಮುಖ್ಯರಸ್ತೆಯಲ್ಲಿ ಲಾಂಡ್ರಿ ಅಂಗಡಿ. ಇಸ್ತ್ರಿಯ ಗೆರೆ ಮಾಸದ ಬಿಳಿ ಅಂಗಿ ತೊಟ್ಟು, ಗೇಟಿನಲ್ಲೇ ಕೈಮುಗಿದು ಸ್ವಾಗತಿಸಿದರು. ಇಷ್ಟು ಮರ್ಯಾದೆ ಕೊಡುವವರ ಮೇಲೆ ಪರಿಶೀಲಕರಿಗೆ ಮೊದಲಿನಿಂದಲೂ ಗುಮಾನಿ.

"ಎಲ್ಲಾ ನೋಡಿ ಸಾರ್, ಏನೂ ಮುಚ್ಚುಮರೆ ಇಲ್ಲ. ಬೀದಿನಾಯಿ ಒಂದು ಗೇಟಿನ ಮುಂದೆ ಮಲಗಿರುತ್ತೆ. ಅದು ನಗರಸಭೆಯದು, ಅಂದ್ರೆ ನಿಮ್ಮದೇ."

"ನಾನು ನಗರಸಭೆಯವನಲ್ಲ. ಮೀಟರ್ ಓದೋ ಹೆಂಗಸು ನಾಲ್ಕನೇ ತಾರೀಕು ಬಂದಿದ್ರಾ?"

"ಇಲ್ವೇ ಇಲ್ಲ. ಉಳಿದ ತಿಂಗಳೆಲ್ಲ ಬರ್ತಾರೆ, ಸೀದಾ ಹಿಂದಕ್ಕೆ ಹೋಗಿ ಓದ್ಕೊಂಡು ಹೋಗ್ತಾರೆ. ಒಳ್ಳೆ ಹೆಂಗಸು. ಯಾರೋ ತಲೆ ಕೆಡಿಸಿದ್ದಾರೆ ಪಾಪ."

ಪರಿಶೀಲಕರ ಪೆನ್ನು ನಿಂತಿತು. "ಹಿಂದಕ್ಕಾ?"

ಮುಂಬಾಗಿಲ ಮೆಟ್ಟಿಲ ಎಡಕ್ಕೆ ಮೀಟರ್ ಇರಲಿಲ್ಲ. ಬಲಕ್ಕೂ ಇರಲಿಲ್ಲ. ಮಾಲೀಕರು ಅವರನ್ನು ಮನೆಯ ಪಕ್ಕದ ಓಣಿಯಲ್ಲಿ ಹಿತ್ತಲಿಗೆ ಕರೆದುಕೊಂಡು ಹೋದರು. ಬಚ್ಚಲ ಗೋಡೆಯ ಬುಡದಲ್ಲಿ, ತಗಡಿನ ಮುಚ್ಚಳದ ಕೆಳಗೆ ಮೀಟರ್ ಇತ್ತು. ಪರಿಶೀಲಕರು ಮೊಣಕಾಲೂರಿ ಅಂಕಿ ಬರೆದುಕೊಂಡರು: 6318. ಯಾಕೆ ಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಕಂಡದ್ದನ್ನೆಲ್ಲ ಬರೆಯುವುದು ಅಭ್ಯಾಸ.

ಹಿತ್ತಲಿನ ಉದ್ದಕ್ಕೂ ತಂತಿಗಳಲ್ಲಿ ಬಿಳಿ ಹಾಸಿಗೆ ಹೊದಿಕೆಗಳು ಒಣಗುತ್ತಿದ್ದವು. ಎಣಿಸಿದರು, ನಲವತ್ತಮೂರು.

"ದೊಡ್ಡ ಸಂಸಾರ" ಎಂದರು ಪರಿಶೀಲಕರು.

"ಹೆ ಹೆ. ಅಂಗಡಿ ಬಟ್ಟೆ ಅಪರೂಪಕ್ಕೆ ಇಲ್ಲೂ ಒಗೀತೀವಿ ಸಾರ್."

ಒಂದು ತಂತಿ ಮಾತ್ರ ಉಳಿದವುಗಳಿಗಿಂತ ಕೆಳಗಿತ್ತು, ಸೊಂಟದ ಎತ್ತರಕ್ಕೆ. ಅದರ ಮೇಲೆ ಬಟ್ಟೆ ಇರಲಿಲ್ಲ. ತಂತಿಯಲ್ಲಿ ಪೋಣಿಸಿದ್ದ ಕಬ್ಬಿಣದ ಬಳೆಯೊಂದನ್ನು ಪರಿಶೀಲಕರು ಬೆರಳಿನಿಂದ ತಳ್ಳಿದರು. ಅದು ಸರ್ರನೆ ಓಣಿಯ ತುದಿಯವರೆಗೆ ಜಾರಿತು.

"ಇದು?"

"ಕ್ಲಿಪ್ಪಿನ ಬುಟ್ಟಿ ನೇತುಹಾಕೋಕೆ."

ಅದನ್ನೂ ಬರೆದುಕೊಂಡು, ಮಾಲೀಕರ ಹೇಳಿಕೆಗೆ ಅವರ ಸಹಿ ಹಾಕಿಸಿಕೊಂಡರು. ಆದರೆ ವಾಪಸು ಬರುವಾಗ ಅವರ ತಲೆಯಲ್ಲಿ ಬಳೆಗಿಂತ ಮೀಟರೇ ತುಂಬಿತ್ತು. ಮೂರು ವರ್ಷದಿಂದ ಪ್ರತಿ ತಿಂಗಳು ಈ ಮನೆಗೆ ಹೋಗಿ ಮೀಟರ್ ಓದುವವಳು, ಮೀಟರ್ ಎಲ್ಲಿದೆ ಎಂದು ತಪ್ಪು ಚಿತ್ರ ಬರೆದಿದ್ದಾಳೆ. ಅಂದರೆ ಕಚ್ಚಿದ್ದು ಇಲ್ಲಿ ಅಲ್ಲ. ಎಲ್ಲೋ ಬೀದಿಯಲ್ಲಿ ಕಚ್ಚಿದೆ. ಲಾಂಡ್ರಿಯವರ ಹತ್ತಿರ ಕಾಸಿದೆಯೆಂದು ಅವರ ಮನೆ ಹೆಸರು ಹೇಳುತ್ತಿದ್ದಾಳೆ. ಹತ್ತನೆಯ ಸುಳ್ಳು. ವರದಿಯ ಮೊದಲ ಪ್ಯಾರಾ ಅವರು ಬಸ್ಸಿನಲ್ಲೇ ಬರೆದು ಮುಗಿಸಿದರು.

ಅದನ್ನು ಕೆಡಿಸಿದ್ದು ಮರುದಿನ ಬೆಳಿಗ್ಗೆ ಅವರ ಹೆಂಡತಿ. ಗಂಡ ಕೆಲಸದ ಕತೆ ಹೇಳುವುದು ಅಪರೂಪ. ಹೇಳಿದ್ದನ್ನು ಆಕೆ ತಲೆ ಬಾಚಿಕೊಳ್ಳುತ್ತಲೇ ಕೇಳಿದಳು.

"ಮೀಟರ್ ಎಲ್ಲಿದೆ ಅಂತ ಗೊತ್ತಿಲ್ಲ ಅಂದ್ರೆ ಸುಳ್ಳುಗಾರ್ತೀನಾ?"

"ಇನ್ನೇನು?"

"ರೀ, ನಮ್ಮನೆ ಮೀಟರ್ ಎಲ್ಲಿದೆ ಹೇಳಿ ನೋಡೋಣ."

"ಅದು... ಹಿತ್ತಲಲ್ಲಿ."

"ಹಿತ್ತಲಲ್ಲಿರೋದು ಗ್ಯಾಸ್ ಸಿಲಿಂಡರು. ಮೀಟರ್ ಗೇಟಿನ ಪಕ್ಕ, ಹೂಕುಂಡದ ಹಿಂದೆ. ಹದಿನಾಲ್ಕು ವರ್ಷ ಆಯ್ತು ಈ ಮನೆಗೆ ಬಂದು. ನೀವು ಇಲ್ಲಿ ವಾಸಾನೇ ಇಲ್ಲ ಅಂತ ನಾನೊಂದು ವರದಿ ಕೊಡ್ಲಾ? ಮದುವೆ ದಿನ ನೀವು ನನ್ನ ಗುರುತಿನ ಚೀಟಿ ಕೇಳ್ಲಿಲ್ಲ ಅನ್ನೋದೇ ನನ್ನ ಪುಣ್ಯ."

"ನಾನೇನು ಮೀಟರ್ ಓದೋನಾ? ನಾನು ಅದನ್ನ ಒಂದು ಸಲವೂ ಓದಿಲ್ಲ, ಅದಕ್ಕೇ ಗೊತ್ತಿ—"

ಅವರು ಅಲ್ಲಿಗೇ ನಿಲ್ಲಿಸಿದರು. ಕಾಲುಚೀಲ ಒಂದು ಕಾಲಿಗೆ ಮಾತ್ರ ಹಾಕಿತ್ತು.

ಹನ್ನೊಂದು ಗಂಟೆಗೆ ಅವರು ಮೀಟರ್ ಓದುವವಳ ಮನೆಯಲ್ಲಿದ್ದರು. ಎರಡು ಕೋಣೆ. ಕಿಟಕಿಯ ಕೆಳಗೆ ನಾದಿನಿಯ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಮಡಚಿಟ್ಟ ಲಂಗಗಳು. ಮೇಜಿನ ಮೇಲೆ ಒಂದನೇ ತರಗತಿಯ ಕಾಪಿ ಪುಸ್ತಕ ತೆರೆದಿತ್ತು. ಮಗುವಿನದಲ್ಲ, ಎಡಗೈಯಲ್ಲಿ ಬರೆಯಲು ಅವಳೇ ಅಭ್ಯಾಸ ಮಾಡುತ್ತಿದ್ದಳು.

ಪರಿಶೀಲಕರು ಕೂರುವ ಮೊದಲೇ ಕೇಳಿದರು. "ಆ ಮನೆ ಮೀಟರ್ ನೀವು ಎಷ್ಟು ಸಲ ನೋಡಿದ್ದೀರಿ?"

"ಪ್ರತಿ ತಿಂಗಳು."

"ಅದು ಬಚ್ಚಲ ಗೋಡೆ ಹತ್ತಿರ, ಹಿತ್ತಲಲ್ಲಿದೆ. ನೀವು ಮೆಟ್ಟಿಲ ಪಕ್ಕ ಬರೆದಿದ್ದೀರಿ."

ನಾದಿನಿ ಹೊಲಿಗೆ ನಿಲ್ಲಿಸಿದಳು.

"ಆ ಸಾಲಲ್ಲಿ ಎಲ್ಲರದ್ದೂ ಮೆಟ್ಟಿಲ ಪಕ್ಕಾನೇ ಸಾರ್" ಎಂದಳು ಅತ್ತಿಗೆ. "ಇದೂ ಹಾಗೇ ಇರುತ್ತೆ ಅಂದ್ಕೊಂಡೆ."

"ಅಂದ್ರೆ ನೋಡಿಲ್ಲ."

ಅವಳು ಕಾಪಿ ಪುಸ್ತಕ ಮುಚ್ಚಿಟ್ಟಳು.

"ನಿಮ್ಮ ಓದುವ ಪುಸ್ತಕ ಎಲ್ಲಿದೆ?"

"ಇಲಾಖೇಲಿ."

ಪರಿಶೀಲಕರು ನಾದಿನಿಯ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಅಲ್ಲಿಯವರೆಗೆ ಆ ಹುಡುಗಿ ಇಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ಅವರು ನೋಡಿರಲಿಲ್ಲ. ಪುಸ್ತಕ ಇದೇ ಮನೆಯಲ್ಲಿದೆ ಎಂದು ಅವರಿಗೆ ಖಾತ್ರಿಯಾಯಿತು.

"ಕೇಳಿ" ಎಂದರು. "ಚಿಕಿತ್ಸೆ ಖರ್ಚು, ಕೆಲಸಕ್ಕೆ ಹೋಗಲಾರದ ದಿನಗಳ ಸಂಬಳ, ಮಡಚದ ಎರಡು ಬೆರಳು. ಈ ಮೂರಕ್ಕೂ ಪರಿಹಾರ ಕೇಳೋದು ನಿಮ್ಮ ಹಕ್ಕು. ಯಾರೂ ದಯೆ ತೋರಿಸಬೇಕಾಗಿಲ್ಲ. ಆದರೆ ಆ ಮನೇಲಿ ನಾಯಿ ಇತ್ತು ಅಂತ ತೋರಿಸೋ ಭಾರ ನಿಮ್ಮದು. ಈಗ ನನ್ನ ಹತ್ತಿರ ಇರೋದು ಒಂದು ತಪ್ಪು ಚಿತ್ರ. ಅದರ ಮೇಲೆ ವರದಿ ಬರೆದ್ರೆ ಅರ್ಜಿ ಬಿದ್ದುಹೋಗುತ್ತೆ."

"ಪುಸ್ತಕ ಕೊಟ್ರೆ?"

"ಕೊಟ್ರೆ ಪೂರ್ತಿ ಕಡತಕ್ಕೆ ಹೋಗುತ್ತೆ. ಅರ್ಧ ತೋರಿಸಿ ಅರ್ಧ ಬಚ್ಚಿಡೋ ಅಭ್ಯಾಸ ನನಗಿಲ್ಲ. ನಿಮ್ಮ ಇಲಾಖೆಯವರೂ ನೋಡ್ತಾರೆ. ಇದನ್ನ ಈಗಲೇ ಹೇಳಿಬಿಡ್ತೀನಿ, ಆಮೇಲೆ ಭೂತಗನ್ನಡಿ ಮೋಸ ಮಾಡ್ತು ಅನ್ನಬಾರದು."

ನಾದಿನಿಗೆ ನಗು ತಡೆಯಲಾಗಲಿಲ್ಲ. "ನಿಮಗೂ ಗೊತ್ತಾ ಸಾರ್ ಆ ಹೆಸರು?"

"ವರದಿ ಕೊಡೋಕೆ ನಾಲ್ಕು ದಿನ ಇದೆ" ಎಂದು ಅವರು ಎದ್ದರು.

ಮೂರನೆಯ ದಿನ ಅವಳು ಒಬ್ಬಳೇ ಕಚೇರಿಗೆ ಬಂದಳು. ಬಟ್ಟೆಚೀಲದಿಂದ ಉದ್ದನೆಯ, ಅಂಚು ಸವೆದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಮನೆಗೊಂದು ಪುಟ, ಪುಟಕ್ಕೆ ಮೂರೂವರೆ ವರ್ಷದ ಅಂಕಿ. ಲಾಂಡ್ರಿಯವರದು ನಲವತ್ತೊಂದನೇ ಪುಟ.

ಮೇಲ್ನೋಟಕ್ಕೆ ಅಲ್ಲಿ ವಿಶೇಷವೇನೂ ಇರಲಿಲ್ಲ. ಪ್ರತಿ ತಿಂಗಳೂ ಒಂದು ಅಂಕಿ, ಹಿಂದಿನ ತಿಂಗಳಿಗಿಂತ ತುಸು ಹೆಚ್ಚು. ಕೊನೆಯದು 2207. ಪರಿಶೀಲಕರು ಕನ್ನಡಕ ತೆಗೆದು, ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪ್ರತಿ ಅಂಕಿಯ ಕೆಳಗೂ ಪೆನ್ಸಿಲಿನ ಒಂದು ಚುಕ್ಕಿ ಇತ್ತು. ಪುಟದ ಮೂಲೆಯಲ್ಲಿ, ಪೆನ್ಸಿಲಿನಲ್ಲೇ, ಸಣ್ಣಗೆ: ನಾ.

"ಚುಕ್ಕಿ ಅಂದ್ರೆ?"

"ಓದಿಲ್ಲ, ಅಂದಾಜು ಅಂತ. 'ನಾ' ಅಂದ್ರೆ ನಾಯಿ. ಓದೋರು ನಮ್ಮ ನಮ್ಮಲ್ಲೇ ಮಾಡ್ಕೊಂಡಿರೋ ಗುರುತು. ಪುಸ್ತಕ ಕೈ ಬದಲಾದ್ರೆ ಮುಂದಿನವರಿಗೆ ಗೊತ್ತಾಗ್ಲಿ ಅಂತ. ಅಂಕಣ ಖಾಲಿ ಬಿಟ್ರೆ ಮೇಲಿನೋರು ಬೈತಾರೆ. ನಾಯಿ ಇದೆ ಅಂತ ಶಾಯೀಲಿ ಬರೆದ್ರೆ, ಮನೆಯವರಿಗೆ ಹೇಳಿ ಕಟ್ಟಿಸು, ವರದಿ ಕೊಡು, ಮತ್ತೆ ಹೋಗು ಅಂತಾರೆ. ದಿನಕ್ಕೆ ನೂರಿಪ್ಪತ್ತು ಮನೆ ಸಾರ್. ಯಾರು ಮತ್ತೆ ಹೋಗ್ತಾರೆ?"

"ಮೊದಲ ಏಳು ತಿಂಗಳ ಕೈಬರಹ ಬೇರೆ."

"ನನಗಿಂತ ಮುಂಚೆ ಇದ್ದೋರದು. ರಿಟೈರ್ ಆದ್ರು. ಪುಸ್ತಕ ಕೊಡುವಾಗ, 'ಚುಕ್ಕಿ ಇದ್ದಲ್ಲಿ ಒಳಗೆ ಹೋಗಬೇಡ ತಾಯಿ' ಅಂತ ಒಂದೇ ಮಾತು ಹೇಳಿದ್ರು."

"ಮತ್ತೆ ನಾಲ್ಕನೇ ತಾರೀಕು ಯಾಕೆ ಹೋದ್ರಿ?"

"ಆ ತಿಂಗಳಿಂದ ಮೀಟರಿನ ಫೋಟೊ ಕಡ್ಡಾಯ ಮಾಡಿದ್ರು. ಅಂಕಿ ಅಂದಾಜು ಮಾಡಬಹುದು, ಫೋಟೊ ಹೇಗೆ ಅಂದಾಜು ಮಾಡ್ಲಿ? ಗೇಟಲ್ಲಿ ನಿಂತು ಕೂಗಿದೆ. ಯಾರೂ ಬರಲಿಲ್ಲ, ನಾಯಿ ಸದ್ದೂ ಇರಲಿಲ್ಲ. ಹೋದೆ."

ಪರಿಶೀಲಕರು ಅವಳ ಮಾತನ್ನು ಅವಳ ಪದಗಳಲ್ಲೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡರು. ಎಡಗೈ ಅಕ್ಷರ ಈ ಸಲ ಸ್ವಲ್ಪ ನೆಟ್ಟಗಾಗಿತ್ತು. ಅವಳು ಹೋದ ಮೇಲೆ, ಅವಳೇ ಕೂತು ಹೊಸದಾಗಿ ಚುಕ್ಕಿ ಇಟ್ಟಿದ್ದರೆ ಎಂಬ ಅನುಮಾನ ಬಂತು. ಆ ನಿವೃತ್ತ ಮೀಟರ್ ಓದುಗನನ್ನು ಹುಡುಕಿಕೊಂಡು ಹೋಗಿ ಅವನ ಏಳು ಚುಕ್ಕಿಗಳನ್ನೂ ತೋರಿಸಿದರು. "ನನ್ನವೇ" ಎಂದ ಮುದುಕ. "ಕಂದು ಬಣ್ಣದ ನಾಯಿ. ತಂತಿಗೆ ಕಟ್ಟಿರ್ತಾರೆ, ನಾವು ಬರೋ ವಾರ ಮಾತ್ರ ಬಿಡ್ತಾರೆ." ಅದನ್ನು ಕೇಳಿದ ಮೇಲೆ ಪರಿಶೀಲಕರು ಬಸ್ಸಿನಲ್ಲಿ ಬರೆದ ಪ್ಯಾರಾವನ್ನು ಹೊಡೆದುಹಾಕಿದರು.

ವಿಚಾರಣೆ ನಡೆದಾಗ ಕಚ್ಚಿ ಐವತ್ತೆಂಟು ದಿನ ಕಳೆದಿತ್ತು. ಮೂವರು ಸದಸ್ಯರು: ಅಧ್ಯಕ್ಷೆಯಾಗಿ ನಿವೃತ್ತ ನ್ಯಾಯಾಧೀಶೆ, ಒಬ್ಬ ಪಶುವೈದ್ಯ, ನಗರಸಭೆಯ ಒಬ್ಬ ಎಂಜಿನಿಯರ್. ಲಾಂಡ್ರಿಯವರು ಅದೇ ಇಸ್ತ್ರಿಯ ಅಂಗಿಯಲ್ಲಿ ಬಂದಿದ್ದರು. ಪುಸ್ತಕವನ್ನು ಅವರ ಮುಂದಿಟ್ಟಾಗ ಅವರ ಮುಖ ಅರಳಿತು.

"ಇದನ್ನೇ ನೋಡಿ ಮೇಡಂ! ಮೂರು ವರ್ಷ ಸುಳ್ಳು ಲೆಕ್ಕ ಬರೆದಿದ್ದಾರೆ. ಇಂಥಾ ಕೈ ಬರೆದ ಅರ್ಜೀನ ಹೇಗೆ ನಂಬ್ತೀರಿ?"

"ನಾಯಿ ಕಚ್ಚಿದ್ದೂ ಅದೇ ಕೈಗೆ ಸ್ವಾಮಿ" ಎಂದಳು ಅವಳು.

ಹಿಂದಿನ ಬೆಂಚಿನಲ್ಲಿ ನಾದಿನಿ ಚಪ್ಪಾಳೆ ತಟ್ಟಲು ಹೋಗಿ, ಅಧ್ಯಕ್ಷೆಯ ಕಣ್ಣು ಕಂಡು ಕೈ ಕೆಳಗಿಳಿಸಿದಳು.

ಎಂಜಿನಿಯರ್ ವರದಿಯ ಪುಟ ತಿರುವುತ್ತಿದ್ದರು. ನಾಯಿಯ ವಿಚಾರದಲ್ಲಿ ಅವರಿಗೆ ಅಷ್ಟು ಆಸಕ್ತಿ ಇದ್ದಂತಿರಲಿಲ್ಲ. "ಒಂದು ನಿಮಿಷ. ಪುಸ್ತಕದಲ್ಲಿ 2207. ಪರಿಶೀಲಕರು ಸ್ಥಳದಲ್ಲಿ ಕಂಡದ್ದು 6318. ಹಿತ್ತಲಲ್ಲಿ ನಲವತ್ತಮೂರು ಹೊದಿಕೆ. ಏನ್ರೀ, ಮನೆ ಬಳಕೆಯ ಸಂಪರ್ಕದಲ್ಲಿ ಲಾಂಡ್ರಿ ನಡೆಸ್ತಿದ್ದೀರಾ? ಮೂರು ವರ್ಷದಿಂದ ಕಡಿಮೆ ಬಿಲ್ ಬರ್ತಿದೆ ಅಂತ ನಿಮಗೆ ಗೊತ್ತಿರಲಿಲ್ವಾ?"

ಲಾಂಡ್ರಿಯವರು ಇದನ್ನು ನಿರೀಕ್ಷಿಸಿರಲಿಲ್ಲ. ನಾಯಿಗೆ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದರು, ನೀರಿಗೆ ಅಲ್ಲ.

"ನನ್ನ ತಪ್ಪೇನಿದೆ ಸಾರ್ ಅದರಲ್ಲಿ? ಬಂದ ಬಿಲ್ ಕಟ್ಟಿದ್ದೀನಿ! ಒಳಗೆ ಬಂದು ಓದಿದ್ರೆ ತಾನೇ ಸರಿ ಅಂಕಿ ಬರೋದು? ಈ ಯಮ್ಮ ಮೂರು ವರ್ಷದಲ್ಲಿ ಗೇಟು ದಾಟಿ ಒಳಗೆ ಕಾಲಿಟ್ಟಿದ್ದೇ ನಾಲ್ಕನೇ ತಾರೀಕು!"

ಅಧ್ಯಕ್ಷೆ ಹಿಂದಿನ ಹೇಳಿಕೆಯ ಹಾಳೆಯನ್ನು ಹುಡುಕಿ ತೆಗೆದರು.

"ನಾಲ್ಕನೇ ತಾರೀಕು ಬಂದೇ ಇಲ್ಲ ಅಂತ ಇಲ್ಲಿದೆ. ಉಳಿದ ತಿಂಗಳೆಲ್ಲ ಬಂದು ಓದಿದ್ದಾರೆ ಅಂತಲೂ ಇದೆ. ನಿಮ್ಮದೇ ಸಹಿ."

ಅಧ್ಯಕ್ಷೆ ಹಾಳೆಯನ್ನು ಲಾಂಡ್ರಿಯವರ ಕಡೆ ತಿರುಗಿಸಿಟ್ಟರು.

"ಮೂರು ವರ್ಷ ಅವರು ಗೇಟು ದಾಟಲಿಲ್ಲ ಅಂದಿರಿ. ಯಾಕೆ ದಾಟಲಿಲ್ಲ?"

ಉತ್ತರ ಪರಿಶೀಲಕರ ವರದಿಯಲ್ಲಿತ್ತು: "ಅರ್ಜಿದಾರರು ಸುಳ್ಳು ಅಂಕಿ ಬರೆದದ್ದು ನಿಜ. ಅವರಿಗಿಂತ ಮೊದಲಿನವರೂ ಹಾಗೇ ಬರೆದಿದ್ದಾರೆ. ನೂರಿಪ್ಪತ್ತು ಮನೆಗಳ ಪುಸ್ತಕದಲ್ಲಿ ಇಬ್ಬರೂ ಚುಕ್ಕಿ ಇಟ್ಟಿರುವುದು ಐದೇ ಮನೆಗಳಿಗೆ. ಉಳಿದ ನಾಲ್ಕಕ್ಕೂ ನಾನು ಹೋಗಿ ನೋಡಿದ್ದೇನೆ. ನಾಲ್ಕರಲ್ಲೂ ನಾಯಿ ಇದೆ."

ಪಶುವೈದ್ಯ ಮುಂದಕ್ಕೆ ಬಾಗಿದರು. "ನನಗೆ ಒಂದೇ ಗೊತ್ತಾಗಬೇಕು. ನಾಯಿ ಬದುಕಿದೆಯಾ?"

ಲಾಂಡ್ರಿಯವರು ಬಾಗಿಲ ಕಡೆ ನೋಡಿದರು, ಅಂಗಿಯ ತೋಳು ನೋಡಿಕೊಂಡರು. "ನಮ್ಮಕ್ಕನ ಮನೇಲಿದೆ. ಚೆನ್ನಾಗಿದೆ. ಲಸಿಕೆನೂ ಹಾಕಿಸಿದ್ದೆ."

ಮೀಟರ್ ಓದುವವಳು ಕಣ್ಣು ಮುಚ್ಚಿದಳು. ಎಡಗೈ ತಾನಾಗಿ ಗಂಟಲ ಮೇಲೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ಇದ್ದು, ಕೆಳಗಿಳಿಯಿತು.

"ಇದೊಂದು ಮಾತು ಹತ್ತನೇ ದಿನ ಹೇಳಿದ್ರೆ ಏನಾಗ್ತಿತ್ತು ಅಣ್ಣ?" ಎಂದಳು. ಯಾರೂ ಅದನ್ನು ದಾಖಲಿಸಲಿಲ್ಲ. ಅದು ವಿಚಾರಣೆಯ ಪ್ರಶ್ನೆಯಾಗಿರಲಿಲ್ಲ.

ಆದೇಶ ಹದಿನೈದು ದಿನಕ್ಕೆ ಬಂತು. ನಾಯಿ ಸಾಕಿದ್ದೆಂದು ಸಾಬೀತಾಗಿದೆ. ಚಿಕಿತ್ಸೆ, ಕಳೆದ ಸಂಬಳ, ಬೆರಳುಗಳ ಊನ, ಮೂರಕ್ಕೂ ಮಾಲೀಕರೇ ಪರಿಹಾರ ಕೊಡತಕ್ಕದ್ದು. ನಾಯಿಯನ್ನು ಬಚ್ಚಿಟ್ಟು ಅರ್ಜಿದಾರರನ್ನು ಭಯದಲ್ಲಿರಿಸಿದ್ದಕ್ಕೆ ಪ್ರತ್ಯೇಕ ಮೊತ್ತ. ಕೊನೆಯ ಸಾಲು: ಆದೇಶದ ಹಾಗೂ ಪುಸ್ತಕದ ಪ್ರತಿಗಳನ್ನು ನೀರಿನ ಇಲಾಖೆಗೆ ಕಳುಹಿಸುವುದು.

ದೃಢೀಕೃತ ಪ್ರತಿ ತೆಗೆದುಕೊಳ್ಳಲು ಅತ್ತಿಗೆ, ನಾದಿನಿ ಇಬ್ಬರೂ ಬಂದರು. ಬ್ಯಾಂಡೇಜು ಇರಲಿಲ್ಲ. ಮುಂಗೈಯ ಕಲೆ ನೇರಳೆ ಬಣ್ಣಕ್ಕೆ ತಿರುಗಿತ್ತು, ಎರಡು ಬೆರಳು ಇನ್ನೂ ಹಾಗೇ ನೆಟ್ಟಗಿದ್ದವು. ಅವಳು ಸ್ವೀಕೃತಿ ಪುಸ್ತಕದಲ್ಲಿ ಎಡಗೈಯಲ್ಲಿ ಸಹಿ ಹಾಕಿದಳು. ಆಮೇಲೆ ಚೀಲದಿಂದ ಇನ್ನೊಂದು ಪತ್ರ ತೆಗೆದಳು. ಸುಳ್ಳು ಅಂಕಿ ಬರೆದ ಆರೋಪದ ಮೇಲೆ ಇಲಾಖಾ ವಿಚಾರಣೆ, ಅಲ್ಲಿಯವರೆಗೆ ಅಮಾನತು.

"ನೋಡಿ ಸಾರ್, ಒಂದು ಕೈಲಿ ಕೊಟ್ರಿ, ಇನ್ನೊಂದು ಕೈಲಿ ಕಿತ್ಕೊಂಡ್ರಿ" ಎಂದಳು ನಾದಿನಿ.

"ನಾನು ಮೊದಲೇ ಹೇಳಿದ್ದೆ."

"ಹೇಳಿದ್ರಿ" ಎಂದಳು ಅತ್ತಿಗೆ. "ಅವರು ಹೇಳಿದ್ರು ಕಣೇ. ನಾನೇ ಕೊಟ್ಟಿದ್ದು." ಪರಿಶೀಲಕರ ಕಡೆ ತಿರುಗಿದಳು. "ಪುಸ್ತಕ ನಾನಾಗೇ ತಂದು ಕೊಟ್ಟೆ, ಯಾರೂ ಹಿಡಿದಿದ್ದಲ್ಲ ಅನ್ನೋದನ್ನ ಅಲ್ಲಿ ಯಾರಾದ್ರೂ ಹೇಳಬೇಕು. ಐದೇ ಮನೆ ಅನ್ನೋದನ್ನೂ. ನಾನು ಹೇಳಿದ್ರೆ ನಂಬಲ್ಲ. ನೀವು ಸಾಕ್ಷಿಗೆ ಬರ್ತೀರಾ?"

ಅರ್ಜಿದಾರರ ಪರವಾಗಿ ಎಲ್ಲಿಯೂ ಸಾಕ್ಷಿ ನುಡಿದವರಲ್ಲ ಅವರು. ಕೆಲಸಕ್ಕೆ ಸೇರಿದಂದಿನಿಂದ ಅವರು ಹೋಗಿದ್ದೆಲ್ಲ ಸುಳ್ಳು ಹಿಡಿಯಲು. ಕನ್ನಡಕ ಒರೆಸಿದರು. ಪತ್ರವನ್ನು ಎರಡು ಸಲ ಓದಿದರು. ಮೊಹರು, ತಾರೀಕು, ಕೆಳಗಿನ ಸಹಿ ಎಲ್ಲ ನೋಡಿದರು.

"ಎಷ್ಟು ಗಂಟೆಗೆ?"

"ಹತ್ತೂವರೆ. ಎರಡನೇ ಮಹಡಿ."

ಅವರು ದಿನಚರಿ ತೆಗೆದು ಆ ತಾರೀಕಿನ ಪುಟದಲ್ಲಿ ಬರೆದುಕೊಂಡು, ಮುಚ್ಚಿ, ಪಕ್ಕಕ್ಕಿಟ್ಟರು.

ಅವಳು ಹೊರಡಲಿಲ್ಲ. ಕೈ ಚಾಚಿ ದಿನಚರಿಯನ್ನು ತನ್ನ ಕಡೆಗೆಳೆದುಕೊಂಡಳು. ಪುಟ ತೆರೆದು, ಸಮಯವನ್ನೂ ಮಹಡಿಯನ್ನೂ ಬೆರಳಿಟ್ಟು ಓದಿದಳು. ಆಮೇಲೆ ಪುಟವನ್ನು ಸ್ವಲ್ಪ ಮೇಲಕ್ಕೆತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಅಂಕಿಯ ಕೆಳಗೆ ನೋಡಿದಳು. ಚುಕ್ಕಿ ಇರಲಿಲ್ಲ.

"ಸರಿ ಸಾರ್, ಬರ್ತೀವಿ" ಎಂದಳು.